ಅಲುಗದ ತಲೆಗಳ ಲೆಕ್ಕ

ತಮ್ಮನ ಹತ್ತಿರ ಕರವಸ್ತ್ರ ಇರಲಿಲ್ಲ. ಹಾಡು ಕೇಳಿದಾಗ ಗಂಡಸರ ಮಿದುಳು ಹೆಚ್ಚು ಮಿಡಿಯುತ್ತದೋ ಹೆಂಗಸರದೋ ಎಂದು ಪರೀಕ್ಷಿಸುತ್ತಿದ್ದ ಸ್ಕ್ಯಾನಿಂಗ್ ಕೋಣೆಯಿಂದ ಅವನು ಅಂಗಿಯ ತೋಳಿಗೆ ಮೂಗೊರೆಸುತ್ತ ಹೊರಬಂದ. ತನ್ನ ಸ್ಕ್ಯಾನ್ ಮೊದಲೇ ಮುಗಿಸಿ ಕೂತಿದ್ದ ಅಕ್ಕ ದಡಕ್ಕನೆ ಎದ್ದಳು. ಪಕ್ಕದಲ್ಲಿ ಸರದಿಗೆ ಕಾದಿದ್ದ ಬಸ್ ಡ್ರೈವರ್ ಕಿವಿ ನೆಟ್ಟಗೆ ಮಾಡಿಕೊಂಡ.

“ಏನಾಯ್ತೋ?”

“ಅಮ್ಮ ಗುನುಗ್ತಿದ್ದ ಹಾಡೇ ಹಾಕಿದ್ರು ಕಣಕ್ಕಾ. ತಡೆಯೋಕಾಗ್ಲಿಲ್ಲ.”

“ಅಮ್ಮ ಹೋದಾಗ ಒಂದು ಹನಿ ಹಾಕದ ಕಲ್ಲುಗುಂಡು ನೀನು!”

“ಈಗ ಬಂತಲ್ಲ. ಆದ್ರೆ ಬಿಕ್ಕಿದಾಗ ತಲೆ ಅಲ್ಲಾಡಿ ಮಿದುಳಿನ ಚಿತ್ರ ಕೆಟ್ಟೋಯ್ತಂತೆ. ನಂದು ಲೆಕ್ಕಕ್ಕಿಲ್ವಂತೆ. ಬೆಳಗ್ಗೆಯಿಂದ ಇನ್ನಿಬ್ರು ಗಂಡಸರದ್ದೂ ಹೀಗೇ ಅತ್ತಿದ್ದಕ್ಕೆ ತೆಗೆದುಹಾಕಿದ್ರಂತೆ.”

“ಅತ್ತವರನ್ನೆಲ್ಲ ಆಚೆ ಹಾಕಿ, ಗಂಡಸರಿಗೆ ಏನೂ ಅನ್ಸಲ್ಲ ಅಂತ ಬರೀತಾರಾ? ಇವರ ವಿದ್ಯೆಗಿಷ್ಟು ಬೆಂಕಿ ಹಾಕ!”

“ನಿನ್ನ ಕಣ್ಣೂ ಕೆಂಪಗಿದೆ, ನೀನೂ ಅತ್ತಿದ್ದೀಯಲ್ಲ. ನಿಂದು ಸರಿಬಂತು ಅಂದ್ರಲ್ಲ, ಅದು ಹೇಗೆ?”

“ಮನೆ ತುಂಬ ಜನ ಇಟ್ಕೊಂಡು ಅತ್ತವಳು ಕಣೋ ನಾನು. ಪಕ್ಕದಲ್ಲಿ ಮಲಗಿದೋರಿಗೂ ಗೊತ್ತಾಗದ ಹಾಗೆ ಅಳೋದು ರೂಢಿಯಾಗಿದೆ. ತಲೆ ಒಂಚೂರೂ ಅಲುಗಲಿಲ್ಲ ಅಂತ ಭೇಷ್ ಅಂದ್ರು, ಮೈ ಉರಿದುಹೋಯ್ತು.”

ತಮ್ಮನ ರಟ್ಟೆ ಹಿಡಿದು ಅವಳು ಮೆಟ್ಟಿಲಿಳಿದಳು. ಒಳಗಿನಿಂದ ಡ್ರೈವರನ್ನು ಕರೆದರು: “ತಲೆ ಮಾತ್ರ ಅಲ್ಲಾಡಿಸ್ಬೇಡಿ.”

ಬೆಳಗ್ಗೆಯಿಂದ ಅತ್ತ ಗಂಡಸರು ಮೂವರು. ಅವರಲ್ಲಿ ಲೆಕ್ಕದಲ್ಲಿ ಉಳಿದವರು ಒಬ್ಬರೂ ಇಲ್ಲ.