ಗುನ್ಹೇಗಾರ ಅಂದವರು

ನಾನು ಐಶ್ವರ್ಯ ಗುರುಲಿಂಗಪ್ಪ ಹಂಜಿ, ವಯಸ್ಸು 23, ಕನ್ನಡ ಎಂ.ಎ. ಮುಗಿಸಿ ಮನೆಯಲ್ಲಿದ್ದೇನೆ, ಸಾಕಿನ್ ಅರಭಾವಿ, ತಾಲೂಕು ಮೂಡಲಗಿ. ಈ ದಿನ ಠಾಣೆಗೆ ನಾನಾಗಿಯೇ ಬಂದು ಬರೆಸುವುದೇನೆಂದರೆ,

ಮೃತ ಸೋಮಶೇಖರ, ವಯಸ್ಸು 19, ನನ್ನ ತಮ್ಮ. ಇದೇ ತಿಂಗಳ 13ರಂದು ಸೋಮವಾರ ಮುಂಜಾನೆ ಅವ್ವ ಕಾಶೆವ್ವ ಅವನನ್ನು ಜೋಳ ಬೀಸಿಸಿಕೊಂಡು ಬರಲು ಗಿರಣಿಗೆ ಕಳಿಸಿದ್ದಳು. ನಾನು ಗೋಕಾಕದ ಬಸ್ಸಿಗೆ ರಸ್ತೆಯಲ್ಲಿ ನಿಂತಿದ್ದೆ. ಸುಮಾರು 9-30ಕ್ಕೆ ನಮ್ಮ ಓಣಿಯ ಲಖನನ ಟ್ರ್ಯಾಕ್ಟರ್ ಎರಡು ಟ್ರೇಲರ್ ಕಬ್ಬು ಹೇರಿಕೊಂಡು ನಿಧಾನವಾಗಿ ಬಂತು. ತಮ್ಮ ಹಿಟ್ಟಿನ ಚೀಲ ಹಿಡಿದು ಓಡಿ ಬಂದು ಎರಡು ಟ್ರೇಲರಿನ ನಡುವಿನ ಕೊಂಡಿಯ ಮೇಲೆ ಹತ್ತಿದ. "ಅಕ್ಕಾ, ನೀ ಬಸ್ಸಿನ ಹಾದಿ ನೋಡಕೋತ ನಿಲ್ಲ, ನನ್ನ ಗಾಡಿ ಬಂತ" ಎಂದು ನಕ್ಕ. ಅಲ್ಲಿಂದ ಅಂದಾಜು ನಲವತ್ತು ಅಡಿ ಮುಂದೆ ಅವನ ಕಾಲು ಜಾರಿತು. ಹಿಂದಿನ ಟ್ರೇಲರಿನ ಗಾಲಿ ಅವನ ಮೇಲೆ ಹಾಯ್ದು ಹೋಯಿತು. ಕಬ್ಬಿನ ಹೇರು ಅಡ್ಡವಿದ್ದುದರಿಂದ ಲಖನನಿಗೆ ಹಿಂದಿನದು ಕಾಣುವಂತಿರಲಿಲ್ಲ. ನಾನು ಚೀರಿದ ಮೇಲೆ ಅವನು ಗಾಡಿ ನಿಲ್ಲಿಸಿದ; ಓಡಿ ಹೋಗಲಿಲ್ಲ. ಹಿಟ್ಟು ಇನ್ನೂ ಬಿಸಿಯಿತ್ತು.

ಮೂರನೆಯ ದಿನ ಲಖನ ನಮ್ಮ ಮನೆಗೆ ಬಂದು ಅವ್ವನ ಕಾಲು ಹಿಡಿದು, "ನಾ ಗುನ್ಹೇಗಾರ ಅದೇನಿ ಯವ್ವಾ, ನನ್ನ ಹೊಡೀರಿ" ಎಂದು ಅತ್ತ. ಹುಕ್ಕೇರಿಯಿಂದ ಬಂದಿದ್ದ ನನ್ನ ಸೋದರಮಾವ ಯಲ್ಲಾರಿ ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಲಖನ ತಪ್ಪೊಪ್ಪಿಕೊಂಡಿದ್ದಾನೆಂದು ಠಾಣೆಗೆ ಕೊಟ್ಟಿದ್ದಾರೆ. ಅದರ ಮೇಲೆ ಪೊಲೀಸರು ಲಖನನನ್ನು ಠಾಣೆಗೆ ಕರೆತಂದಿದ್ದಾರೆ.

ಆ ಮಾತನ್ನು ಅವನು ಅಂದದ್ದು ನಿಜ. ಆದರೆ ಸಾವಾದ ಮನೆಗೆ ಬಂದವರು ನಮ್ಮಲ್ಲಿ ಹೀಗೆ ಅಂದುಕೊಂಡೇ ಅಳುತ್ತಾರೆ. ಅವನಿಗಿಂತ ಮೊದಲು ಗಿರಣಿಯ ಇಂದ್ರವ್ವ, ಪಾಳಿ ಬಿಟ್ಟು ಹುಡುಗನಿಗೆ ಮೊದಲು ಬೀಸಿಕೊಟ್ಟ ತಾನೇ ಗುನ್ಹೇಗಾರಳೆಂದು ಎದೆ ಬಡಿದುಕೊಂಡರು. ತಾನು ಕಳಿಸಿದ್ದಕ್ಕೇ ಹೀಗಾಯಿತೆಂದು ಅವ್ವ ಈಗಲೂ ಅದನ್ನೇ ಅನ್ನುತ್ತಾಳೆ. ಇದನ್ನು ಮಾವನಿಗೆ ಹೇಳಿದಾಗ, "ಸಾಲಿ ಕಲ್ತಾಕಿ ನನಗ ಮಾತಿನ ಅರ್ಥ ಹೇಳಾಕ ಬಂದಿ ಏನ? ಸತ್ತಾಂವ ನಿನ್ನ ತಮ್ಮ ಹೌದೋ ಅಲ್ಲೋ?" ಎಂದು ಬೈದರು.

ಹಾಗಾದರೆ ತಪ್ಪು ಯಾರದೆಂದು ಸಾಹೇಬರು ಕೇಳಿದರು. ಚಲಿಸುವ ಗಾಡಿಗೆ ಹತ್ತಿದವನು ನನ್ನ ತಮ್ಮ, ಲಖನ ಅವನನ್ನು ನೋಡಿಯೇ ಇರಲಿಲ್ಲ ಎಂದು ತಿಳಿಸಿದೆ. ಹಾಗೆ ಬರೆದರೆ ಅದು ತಮ್ಮನ ಹೆಸರಿಗೇ ಉಳಿಯುತ್ತದೆ, ವಿಚಾರ ಮಾಡು ಎಂದರು. ಬರೆಯಿರಿ ಎಂದೆ.

ಅವ್ವ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಳೆ. ಇದನ್ನು ಅವಳಿಗೆ ಕೇಳುವಂತೆ ಓದಬಾರದೆಂದು ವಿನಂತಿಸಿದ್ದರಿಂದ ನನಗೆ ಮೆಲ್ಲಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಖರೆ ಇದೆ.

ಸ್ಥಳ: ಮೂಡಲಗಿ
ದಿನಾಂಕ: 17-01-2025
ಸಹಿ: ಐಶ್ವರ್ಯ ಗು. ಹಂಜಿ