ಮಹಾಮಿದುಳು ಓದಿದ್ದೇನು?

ಅಲ್ಲ ಅಕ್ಕ, ನಗೋ ವಿಷಯ ಅಲ್ಲ ಇದು! ಆ ಹುಡುಗಿ ಪತ್ರ ಬರೆದಿರೋದು ನಿಜ, ನಮ್ಮ ಸಂಪಾದಕರು ಅದನ್ನ ಮೀಟಿಂಗಿನಲ್ಲಿ ಎಲ್ಲರ ಮುಂದೆ ಓದಿದ್ದೂ ನಿಜ. ಆರನೇ ಕ್ಲಾಸಂತೆ. "ಕಾಮಿಕ್ಸ್ ಬರೆಯೋ ಮಾಮನಿಗೆ" ಅಂತ ಶುರು. ನಿಮ್ಮ ಹೀರೋ ಮಹಾಮಿದುಳು ಮೂರನೇ ಸಂಚಿಕೇಲಿ ರಾಕೆಟ್ ಕಟ್ಟಿದ, ಐದರಲ್ಲಿ ಹೃದಯದ ಆಪರೇಷನ್ ಮಾಡಿದ, ಒಂಬತ್ತರಲ್ಲಿ ತಿಮಿಂಗಿಲದ ಭಾಷೆಗೆ ವ್ಯಾಕರಣ ಬರೆದ. ಅವನಿಗಿನ್ನೂ ಇಪ್ಪತ್ತೆಂಟು ವರ್ಷ. ಇದೆಲ್ಲ ಯಾವಾಗ ಓದಿದ? ಅವನ ಸಬ್ಜೆಕ್ಟ್ ಯಾವುದು?... ನೋಡು, ಮತ್ತೆ ನಗ್ತೀಯ!

ಅವನಿಗೆ ಒಂದು ವಿಷಯ ಅಂತ ಗಟ್ಟಿ ಮಾಡಯ್ಯ ಅಂದ್ರು ಸಂಪಾದಕರು. ಅದಕ್ಕೇ ನಿನ್ನ ಲ್ಯಾಬಿಗೆ ಓಡಿ ಬಂದೆ. ವಿಜ್ಞಾನಿ ಅಕ್ಕ ಇದ್ದೂ ಬೇರೆ ಯಾರ ಹತ್ರ ಹೋಗ್ಲಿ?... ಈ ಸ್ಟೂಲಿನ ಮೇಲಿರೋ ಪೊಟ್ಟಣ ಎತ್ತಿಡ್ಲಾ? ಬೇಡ್ವಾ? ಸರಿ ಸರಿ, ನಿಂತೇ ಹೇಳ್ತೀನಿ.

ಭೌತಶಾಸ್ತ್ರ ಅನ್ನೋಣ ಅಂದ್ರೆ, ಕಾಮಿಕ್ಸ್ ಲೋಕದಲ್ಲಿ ಯಾವ ಕಲ್ಲು ಎತ್ತಿದ್ರೂ ಅಡಿಯಲ್ಲೊಬ್ಬ ಭೌತಶಾಸ್ತ್ರಜ್ಞ. ರಸಾಯನಶಾಸ್ತ್ರದೋರಿಗೆ ಇರೋದೊಂದೇ ಕೆಲಸ, ಮೊದಲನೇ ಪುಟದಲ್ಲಿ ಹಸಿರು ದ್ರಾವಣದೊಳಕ್ಕೆ ಬೀಳೋದು. ಜೀವಶಾಸ್ತ್ರದೋರು ತಮ್ಮ ಸೂಜಿ ತಾವೇ ಚುಚ್ಚಿಕೊಂಡು ಅರ್ಧ ಕಪ್ಪೆ ಆಗ್ತಾರೆ. ರೋಬಾಟ್ ಮಾಡೋರ ರೋಬಾಟು ಹತ್ತನೇ ಪುಟದಲ್ಲಿ ಅವರ ಮೇಲೇ ತಿರುಗಿ ಬೀಳುತ್ತೆ. ಗಣಿತದೋರು? ಗೋಡೆ ತುಂಬ ಬರೀತಾರೆ, ಆಮೇಲೆ ತಲೆ ಕೆಡುತ್ತೆ. ಇನ್ನೇನು ಉಳೀತು ಹೇಳು?

ಏನು, ಆ ಪೊಟ್ಟಣ ಯಾಕೆ ತೋರಿಸ್ತೀಯ... ಪಾಚಿನಾ! ಆಯ್ತಾಯ್ತು, ಹುಬ್ಬು ಗಂಟಿಕ್ಕಬೇಡ, ನೀರಿನ ಪಾಚಿ ಅಲ್ಲ, ಗೋಡೆ ಮೇಲೆ ಬೆಳೆಯೋ ನಿನ್ನ ಹಾವಸೆ. ಆದ್ರೆ ಅಕ್ಕ, ಹಾವಸೆ ಇಟ್ಕೊಂಡು ಊರು ಉಳಿಸೋದು ಹೇಗೆ? ಶತ್ರು ಬಾಂಬು ಹಿಡ್ಕೊಂಡು ಬರ್ತಾನೆ, ಇವನು "ತಡಿಯಪ್ಪಾ, ನಲವತ್ತು ವರ್ಷದಲ್ಲಿ ಈ ಗೋಡೆ ಹಸಿರಾಗುತ್ತೆ" ಅಂತಾನಾ?... ನಾನೇನೋ ಹಾವಸೆ ಅಂತ ಹೇಳಿ ನೋಡ್ದೆ. ಸಂಪಾದಕರೇ ಸುತಾರಾಂ ಒಪ್ಪಲಿಲ್ಲ. ಎಷ್ಟು ವಾದ ಮಾಡ್ದೆ ಗೊತ್ತಾ? ಗಂಟಲು ಕಟ್ಟಿಹೋಯ್ತು!

ಯಾಕಕ್ಕ ಹಾಗೆ ನೋಡ್ತೀಯ? ಬಂದಾಗಿಂದ ಬಾಯಿ ಬಿಟ್ಟಿಲ್ಲ ನೀನು. ಬೇರೆ ದಿನ ಆಗಿದ್ರೆ ಇಷ್ಟು ಹೊತ್ತಿಗೆ ನನ್ನ ನಾಲ್ಕು ತಪ್ಪು ಹಿಡಿದು... ಏನದು, ಆ ಗಾಜಿನ ತಟ್ಟೆ ಅಡಿ? ಆ ಬಣ್ಣ... ನಮ್ಮ ಹೊಸ ಸಂಚಿಕೆ ಅಲ್ವಾ? ಬೆಳಗ್ಗೆ ಎಂಟಕ್ಕೆ ತಾನೇ ಅಂಗಡಿಗೆ ಬಂದಿದ್ದು! ಅಂದ್ರೆ... ನಾನು ಬಾಗಿಲು ತಟ್ಟೋಕೆ ಮುಂಚೇನೇ... ಓದಿಬಿಟ್ಟಿದ್ದೀಯಾ?

ಮೇಲೆ ನಿನ್ನ ವಿದ್ಯಾರ್ಥಿಗಳ ಹೆಸರಿದೆ, ಅವರೇ ತಂದುಕೊಟ್ರಾ? ಹ್ಮ್... ಹೌದು, ಹೊಸ ವಿಲನ್ ಪಾಚೇಶ್ವರಿ. ರಸ್ತೆಗೆಲ್ಲ ಪಾಚಿ ಹಬ್ಬಿಸಿ ಪೊಲೀಸರನ್ನ ಜಾರಿ ಬೀಳಿಸೋ ದುಷ್ಟೆ. ನಿನ್ನ ಹಾಗೆ ಕನ್ನಡಕಕ್ಕೆ ದಾರ ಕಟ್ಟಿಕೊಂಡೋರು ಊರಲ್ಲಿ ನೂರು ಜನ ಇರ್ತಾರೆ ಅಕ್ಕ! ಗಲ್ಲದ ಮೇಲಿನ ಮಚ್ಚೆ? ಅದು... ಚಿತ್ರಕಾರನ ಶಾಯಿ ಚೆಲ್ಲಿರಬೇಕು. ಎಲ್ಲ ಪುಟದಲ್ಲೂ ಅದೇ ಜಾಗಕ್ಕೆ ಚೆಲ್ಲಿತಾ ಅಂತ ಕಣ್ಣಲ್ಲೇ ಕೇಳಬೇಡ...

ಬೈಯಕ್ಕ. ಬೈದುಬಿಡು, ಮುಗೀಲಿ. ಹೀಗೆ ಸುಮ್ಮನೆ ಕೂತ್ರೆ... ಚಿಕ್ಕವನಿದ್ದಾಗಲೂ ಇದೇ ನಿನ್ನ ಆಟ. ನಾನಾಗೇ ಒಪ್ಪಿಕೊಳ್ಳೋವರೆಗೂ ತುಟಿ ಬಿಚ್ಚುತ್ತಿರಲಿಲ್ಲ.

ಸರಿ. ಆ ಮೀಟಿಂಗ್ ನಡೆದು ಮೂರು ತಿಂಗಳಾಯ್ತು. ಸಲಹೆ ಕೇಳೋಕೂ ಬಂದಿಲ್ಲ ನಾನು. ಬೇರೆ ಯಾರಾದ್ರೂ ನಿನ್ನ ಕಿವಿಗೆ ಹಾಕೋಕೆ ಮುಂಚೆ ನಿನ್ನ ಮುಖ ನೋಡಿ ಹೋಗೋಣ ಅಂತ ಬಂದೆ. ಮತ್ತೆ... ಸಂಪಾದಕರು ಬೇಡ ಅನ್ನಲಿಲ್ಲ. ನಾನು ಬಾಯಿ ತಪ್ಪಿ ನಿನ್ನ ವಿಷಯ ಹೇಳಿದ್ದೇ ತಡ, ಕುರ್ಚಿಯಿಂದ ಎದ್ದೇಬಿಟ್ರು. "ಇವಳೇ ಕಣಯ್ಯ ನಾಯಕಿ! ಒಂದು ವಿಷಯಾನ ತಳಮಟ್ಟ ಬಲ್ಲವಳು!" ಅಂದ್ರು. ನಾನೇ ಬೇಡ ಅಂದೆ. ವಿಲನ್ ಮಾಡೋಣ ಸಾರ್, ಚೆನ್ನಾಗಿ ಮಾರಾಟ ಆಗುತ್ತೆ ಅಂತ ನಾನೇ ಒಪ್ಪಿಸಿದೆ.

ಯಾಕಾ? ರಾಕೆಟ್ಟಿನ ಲೆಕ್ಕ ಮಾಡಿಕೊಟ್ಟಿದ್ದು ಯಾರು? ಹೃದಯಕ್ಕೆ ಎಷ್ಟು ಕವಾಟ ಅಂತ ಫೋನಿನಲ್ಲಿ ಹೇಳಿದ್ದು ಯಾರು? ತಿಮಿಂಗಿಲದ ಪುಸ್ತಕ ಯಾರದ್ದು? ನೀನು ನಾಯಕಿ ಆದ್ರೆ ಜನ ಯಾರಿವಳು ಅಂತ ಹುಡುಕಿಕೊಂಡು ಬರ್ತಾರೆ. ಬಂದ್ರೆ ಗೊತ್ತಾಗಿಬಿಡುತ್ತೆ, ಮಹಾಮಿದುಳಿನ ಮಿದುಳು ನನ್ನದಲ್ಲ ಅಂತ. ಹತ್ತು ವರ್ಷದಿಂದ "ಕಥೆ, ವಿಜ್ಞಾನ" ಅಂತ ಬರೆಸಿ ಕೆಳಗೆ ನನ್ನೊಬ್ಬನ ಹೆಸರು ಹಾಕಿಸ್ಕೊಂಡು ಬಂದಿದ್ದೀನಲ್ಲ... ವಿಲನ್ನನ್ನ ಯಾರೂ ಹುಡುಕಿಕೊಂಡು ಬರಲ್ಲ ಅಂದ್ಕೊಂಡೆ. ಅಷ್ಟೇ. ಹೇಳಿಬಿಟ್ಟೆ.

ಪುಸ್ತಕ ನನ್ನ ಕಡೆ ಯಾಕೆ ತಳ್ತೀಯ? ಹದಿನಾಲ್ಕನೇ ಪುಟ... ಕೆಂಪು ಪೆನ್ಸಿಲ್ಲು... "ಹಾವಸೆಗೆ ಬೇರು ಇರುವುದಿಲ್ಲ." ಇಷ್ಟೇನಾ! ನಿನ್ನ ಮುಖ ಹಾಕಿದ್ದಕ್ಕಲ್ಲ, ಬೇರು ಬರೆದಿದ್ದಕ್ಕೆ ಇಷ್ಟು ಕೋಪನಾ?... ಇನ್ನೂ ಇದೆಯಾ? ಎಲ್ಲಿ, ಕೊನೇ ಪುಟ?

ಓ... "ಕಥೆ, ವಿಜ್ಞಾನ" ಅನ್ನೋದರ ಕೆಳಗೆ, ನನ್ನ ಹೆಸರಿನ ಪಕ್ಕ. ಒಂದೇ ಒಂದು ಪ್ರಶ್ನೆ ಚಿಹ್ನೆ.

ಆ ಪೆನ್ಸಿಲ್ ಕೊಡಕ್ಕ ಇಲ್ಲಿ. ಕೊಡು ಅಂದ್ರೆ... ನಿನ್ನ ಹೆಸರಿನ ಮುಂದೆ ಡಾಕ್ಟರ್ ಅಂತ ಪೂರ್ತಿ ಬರೀಲಾ, ಬರೀ ಡಾ. ಸಾಕಾ?