ಕಾಲು ತಾಗಿದ ಪೆಡಲ್

ಕಲಘಟಗಿ ಬಸ್ ನಿಲ್ದಾಣದಲ್ಲಿ ದೇವಿಕೊಪ್ಪದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಗಿಟಾರ್ ಹಿಡಿದ ತರುಣ ಮತ್ತು ಅವನ ಕಾಕಾ ಕೂತಿದ್ದರು. ಕಾಲಬಳಿ ಒಂದು ಕೈಚೀಲ.

“ನಿನ್ನಿ ಮಠದಾಗ ನಾ ಏನ್ ತಪ್ಪ ಮಾಡಿದ್ನಿ ಗೌರೀಶಾ? ನಿನ್ನ ಗಿಟಾರಿಗೆ ಜೋಡಿಸಿದ ಡಬ್ಬಿಗೆ ಕಾಲ ತಾಗಿತು, ಮುಟ್ಟಿ ಕಣ್ಣಿಗೆ ಒತ್ತಿಕೊಂಡ್ನಿ.”

“ಕಾಕಾ, ಅದು ಲೂಪರ್ ಪೆಡಲ್ ರಿ. ಅಗ್ಗದ್ದು, ಎಲ್ಲಾದಕ್ಕೂ ಒಂದ ಗುಂಡಿ. ನಾ ನುಡಿಸಿದ ಗಿಟಾರಿನ ನಾದ ಹಿಡಕೊಂಡು ತಿರುಗಿ ತಿರುಗಿ ನುಡಸ್ತಿತ್ತು. ನೀವು ಮುಟ್ಟಿದಾಗ ಗುಂಡಿ ಒತ್ತಿ ಹೋತು, ಅದರ ಮ್ಯಾಲ ಮತ್ತ ರೆಕಾರ್ಡ್ ಶುರು ಆತು.”

“ಗಿಟಾರಿನ ಡಬ್ಬಿಯೊಳಗ ನನ್ನ ಮಾತ ಹೆಂಗ ಹೋತು?”

“ನೀವು ಹಾಡವರಿದ್ರಿ ಅಂತ ನಿಮ್ಮ ಮೈಕೂ ಅದಕ್ಕ ಜೋಡಿಸಿದ್ನಿ.”

“ನಾ ಮೆಲ್ಲಕ ಅಂದಿದ್ದು.”

“‘ಅಜ್ಜಾರು ಯಾವಾಗ ಕಣ್ಣ ತೆರೀತಾರೋ, ಹೊಟ್ಟಿ ಹಸದೈತಿ’ ಅಂದ್ರಿ. ಸ್ವಾಮಿ ಅಜ್ಜಾರ ಜೋಡಿ ಇಡೀ ಮಠ ಧ್ಯಾನಕ್ಕ ಕುಂತಿತ್ತು. ಸ್ಪೀಕರಿನಾಗ ಅದ ಮಾತು ಮತ್ತ ಮತ್ತ ಬಂತು.”

“ಲಗೂನ ಬಂದ್ ಮಾಡಬೇಕಿಲ್ಲೇನ್ ಲೇ!”

“ಎರಡ ಸಲ ಒತ್ತಬೇಕಿತ್ರಿ, ಗಡಿಬಿಡಿಯಾಗ ಒಂದ ಸಲ ಒತ್ತಿದ್ನಿ.”

“ಈಗ ಅಜ್ಜಾರು ಯಾಕ ಕರದಾರ?”

“ಗೊತ್ತಿಲ್ರಿ. ಡಬ್ಬಿನೂ ತಗೊಂಡ ಬರ್ರಿ ಅಂದಾರ.”

“ಒಡದ ಹಾಕ್ತಾರೇನೋ?”

ಗೌರೀಶ ಪೆಡಲ್ ಇದ್ದ ಚೀಲದ ಜಿಪ್ ಎಳೆದ.

ಬಸ್ಸು ಬಂತು. ಏಳುವ ಅವಸರದಲ್ಲಿ ಕಾಕಾನ ಕಾಲು ಚೀಲಕ್ಕೆ ತಾಗಿತು. ಬಗ್ಗಿದವರ ಕೈ ಅರ್ಧದಲ್ಲೇ ನಿಂತಿತು.

“ಬಂದ್ ಐತೇನೋ?”

“ಬಂದ್ ಐತ್ರಿ.”

ಚೀಲವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆದರೂ ಬಸ್ಸು ಹತ್ತುವವರೆಗೆ ಅವರು ಬಾಯಿ ತೆರೆಯಲಿಲ್ಲ.